ಕಾಟಪ್ಪನ ಮಗಳು ತನಾಕಾ

ಶಾಮನೂರಿನ ಹೊಸ ಬಡಾವಣೆಯಲ್ಲಿ ಶಿವಮೂರ್ತಿಯವರ ಮಹಡಿ ರೂಮು ಗೆಳತಿಯರಿಬ್ಬರಿಗೆ ಸಿಕ್ಕಿದ್ದು ಸರೋಜಾಳ ಮಾತಿನಿಂದ. ಸುಧಾ ಆ ಹೊತ್ತಿನಲ್ಲಿ ಬಾಯಿಯೇ ಬಿಟ್ಟಿರಲಿಲ್ಲ.

ಶಿವಮೂರ್ತಿ ಕಾಲೇಜೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮೆತ್ತಗೆ ಮಾತಾಡುವ ಮನುಷ್ಯ. ಗೇಟಿನ ಒಳಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ಇಬ್ಬರ ಊರು ಕೇಳಿದರು, ಕೆಲಸ ಕೇಳಿದರು. ಆಮೇಲೆ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ಸರಿಸುತ್ತ, ಏನೂ ಅಲ್ಲವೆಂಬಂತೆ, ಅಡ್ಡಹೆಸರು ಏನೆಂದು ಕೇಳಿದರು. ಸರೋಜಾ ತನ್ನ ಮನೆತನದ ಹೆಸರು ಹೇಳಿದಳು. ಅವರ ಮುಖ ಅರಳಿತು. ಅವರ ಹೆಂಡತಿಯ ತವರಿನ ಕಡೆ ಅದೇ ಹೆಸರಿನವರು ಯಾರೋ ಇದ್ದರಂತೆ. ಅವರು ಸುಧಾಳ ಕಡೆ ತಿರುಗುವಷ್ಟರಲ್ಲಿ ಸರೋಜಾಳೇ, “ಇವಳು ನಮ್ಮ ಚಿಗಪ್ಪನ ಮಗಳ್ರಿ” ಅಂದುಬಿಟ್ಟಳು. ಸುಧಾ ಚಹಾದ ಲೋಟದೊಳಗೆ ನೋಡುತ್ತ ಕೂತಳು. ಅಷ್ಟಕ್ಕೇ ಮಾತು ಮುಗಿದು ಬೀಗದ ಕೈ ಸಿಕ್ಕಿತು.

ಇಬ್ಬರೂ ಒಟ್ಟಿಗೆ ನರ್ಸಿಂಗ್ ಓದಿದವರು. ಹರಿಹರದ ಒಂದು ನರ್ಸಿಂಗ್ ಹೋಮಿನಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಮೇಲೆ ದಾವಣಗೆರೆಯಲ್ಲಿ ಜಪಾನಿ ಭಾಷೆಯ ಕ್ಲಾಸು. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಈ ಕಡೆಯ ನರ್ಸುಗಳಿಗೆ ಕರೆ ಬರುತ್ತಿತ್ತು. ಸುಧಾಳ ಊರು ಮಲೆಬೆನ್ನೂರಿನಿಂದಾಚೆ. ಅಪ್ಪ ಕಾಟಪ್ಪ ಭದ್ರಾ ನಾಲೆಯ ಕೆಳಗೆ ಕಂಡವರ ಗದ್ದೆಯಲ್ಲಿ ದುಡಿಯುವವನು. ಅಲ್ಲಿಂದ ದಿನಾ ಓಡಾಡಿದರೆ ಓದಲು ಹೊತ್ತೇ ಉಳಿಯುವುದಿಲ್ಲವೆಂದು ಸರೋಜಾ ರೂಮಿನ ಹಟ ಹಿಡಿದಿದ್ದಳು. ಅವಳು ಸುಳ್ಳು ಹೇಳಿದ್ದು ಗೆಳತಿಗೆ ಒಳ್ಳೆಯದಾಗಲಿ ಎಂದೇ. ಸುಧಾಗೂ ಅದು ಗೊತ್ತಿತ್ತು. ಆದರೂ ಮೆಟ್ಟಿಲು ಹತ್ತಿಳಿಯುವಾಗಲೆಲ್ಲ ಶಿವಮೂರ್ತಿಯವರ ಹೆಂಡತಿ “ನಿಮ್ಮ ದೊಡ್ಡಪ್ಪ ಹೆಂಗಿದ್ದಾರೆ?” ಎಂದು ಸರೋಜಾಳ ಅಪ್ಪನನ್ನು ವಿಚಾರಿಸಿದರೆ ಅವಳು ತಲೆ ತಗ್ಗಿಸಿ ಬೇಗ ದಾಟಿಬಿಡುತ್ತಿದ್ದಳು.

ಕ್ಲಾಸು ನಡೆಸುತ್ತಿದ್ದವರು ನುಜತ್ ಮೇಡಂ, ದಾವಣಗೆರೆಯವರೇ. ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೆಲವು ವರ್ಷ ದುಡಿದು, ತಾಯಿಗೆ ಹುಷಾರಿಲ್ಲವೆಂದು ವಾಪಸು ಬಂದು, ಅಣ್ಣನ ಟೈರು ಅಂಗಡಿಯ ಮೇಲಿನ ಹಾಲಿನಲ್ಲಿ ಪಾಠ ಶುರುಮಾಡಿದ್ದರು. ಜಪಾನಿನಲ್ಲಿ ಯಾರನ್ನೂ ಸುಮ್ಮನೆ ಹೆಸರು ಹಿಡಿದು ಕರೆಯುವುದಿಲ್ಲ, ಮನೆತನದ ಹೆಸರಿಗೆ ‘ಸಾನ್’ ಹಚ್ಚಿ ಕರೆಯುತ್ತಾರೆ, ಕಿವಿ ಈಗಲೇ ಒಗ್ಗಲಿ ಎಂದು ಎಲ್ಲರಿಗೂ ಒಂದೊಂದು ಜಪಾನಿ ಮನೆತನ ಹಂಚಿದರು. ಸರೋಜಾ ಸುಜುಕಿಯಾದಳು. ಐಟಿಐ ಮುಗಿಸಿ ಬಂದಿದ್ದ ಕೊಟ್ರೇಶ್ ಹೋಂಡಾ ಬೇಕೆಂದು ಕೇಳಿ ಪಡೆದ. ಸುಧಾಳ ಪಾಲಿಗೆ ಬಂದದ್ದು ತನಾಕಾ.

ಈ ಹೆಸರುಗಳ ಅರ್ಥ ಕೇಳಿ ಕ್ಲಾಸೇ ನಕ್ಕಿತು. ತನಾಕಾ ಅಂದರೆ ಗದ್ದೆಯ ನಡುವೆ. ಹೋಂಡಾ ಅಂದರೆ ಮೂಲದ ಗದ್ದೆ. ಟೊಯೊಟಾ ಕೂಡ ಒಂದು ಮನೆತನದ ಹೆಸರಿಂದಲೇ ಬಂದದ್ದು, ಅದೂ ಒಳ್ಳೆ ಬೆಳೆಯುವ ಗದ್ದೆ. ಹಾಗಾದರೆ ಪಿ.ಬಿ. ರಸ್ತೆ ತುಂಬ ಓಡಾಡುವುದೆಲ್ಲ ಭತ್ತದ ಗದ್ದೆಗಳೇ ಎಂದು ಕೊಟ್ರೇಶ್ ಅಂದ. ನುಜತ್ ಮೇಡಂ ಒಂದೊಂದು ಹೆಸರಿಗೂ ಅದನ್ನು ಹೊತ್ತ ಮಂದಿಯ ಕಥೆ ಹೇಳುತ್ತ ಹೋದರು. ಮೋಟಾರು ಕಂಪನಿ ಕಟ್ಟಿದ ಸುಜುಕಿ ಬೇರೆ, ಎಳೆ ಮಕ್ಕಳಿಗೆ ಪಿಟೀಲು ಕಲಿಸುವ ದಾರಿ ಹುಡುಕಿದ ಸುಜುಕಿ ಬೇರೆ, ರಸಾಯನಶಾಸ್ತ್ರದಲ್ಲಿ ನೊಬೆಲ್ ಪಡೆದ ಸುಜುಕಿ ಮತ್ತೂ ಬೇರೆ. ಒಬ್ಬ ತನಾಕಾ ದೇಶದ ಪ್ರಧಾನಿಯಾಗಿದ್ದ. ಇನ್ನೊಬ್ಬ ತನಾಕಾ ಕಂಪನಿಯ ಲ್ಯಾಬಿನಲ್ಲಿದ್ದ ಸಾದಾ ಇಂಜಿನಿಯರು, ಡಾಕ್ಟರೇಟು ಇಲ್ಲದೆಯೇ ನೊಬೆಲ್ ಗೆದ್ದ. ಇವರ್ಯಾರೂ ಒಂದೇ ಮನೆಯವರಲ್ಲ, ನಂಟರೂ ಅಲ್ಲ. ನೂರೈವತ್ತು ವರ್ಷದ ಹಿಂದೆ ಎಲ್ಲರೂ ಒಂದು ಮನೆತನದ ಹೆಸರು ಇಟ್ಟುಕೊಳ್ಳಲೇಬೇಕೆಂದು ಸರ್ಕಾರ ಕಾನೂನು ಮಾಡಿದಾಗ, ಎಷ್ಟೋ ರೈತಾಪಿ ಮಂದಿ ಗದ್ದೆ, ಗುಡ್ಡ, ಸೇತುವೆ ನೋಡಿ ಹೆಸರು ಇಟ್ಟುಕೊಂಡರಂತೆ.

ಸುಧಾ ಕೈ ಎತ್ತಿದಳು. ಹಾಗಾದರೆ ಅಲ್ಲಿ ಹೆಸರು ಕೇಳಿ ಯಾರು ಯಾವ ಮಂದಿ ಅಂತ ಗೊತ್ತಾಗುವುದಿಲ್ಲವೇ ಎಂದು ಕೇಳಿದಳು. ನುಜತ್ ಮೇಡಂ, ಹೆಸರಿಂದ ಬಹುಪಾಲು ಗೊತ್ತಾಗುವುದಿಲ್ಲ ಅಂದರು. ಆದರೆ ಅಲ್ಲಿಯೂ ಹಿಂದೆ ಊರ ಹೊರಗಿಟ್ಟ ಮಂದಿ ಇದ್ದರು. ಅವರ ಕೇರಿಗಳು ಎಲ್ಲಿವೆಯೆಂದು ಗುಟ್ಟಾಗಿ ಪಟ್ಟಿ ಮಾಡಿ ಮಾರಿದವರಿದ್ದರು, ಅಲ್ಲಿಯವರನ್ನು ಕೆಲಸಕ್ಕೆ ಸೇರಿಸದಿರಲು ಅದನ್ನು ಕೊಂಡ ಕಂಪನಿಗಳೂ ಇದ್ದವು. “ಹೆಸರಿಂದ ತಿಳೀದಿದ್ರೆ ವಿಳಾಸ ಕೆದಕ್ತಾರೆ. ಅದೇನು ಸ್ವರ್ಗ ಅಂದ್ಕೊಂಡು ಹೋಗಬ್ಯಾಡ್ರಿ” ಅಂದರು. ಆದರೂ ಆ ಸಂಜೆ ಶಾಮನೂರಿನ ಬಸ್ಸಿನಲ್ಲಿ ಸುಧಾ ತನಾಕಾ, ತನಾಕಾ ಎಂದು ತುಟಿಯಲ್ಲೇ ಆಡಿಸಿಕೊಂಡಳು. ಅಪ್ಪ ಜೀವಮಾನವಿಡೀ ನಿಂತದ್ದು ಗದ್ದೆಯ ನಡುವೆಯೇ ಅಲ್ಲವೇ.

ಕಾಟಪ್ಪ ಬಂದದ್ದು ಒಂದು ಭಾನುವಾರ. ನಾಟಿ ಕೆಲಸಕ್ಕೆ ಬಿಡುವಿತ್ತು. ಮಗಳು ಹೊಸ ರೂಮು ಹಿಡಿದಿದ್ದಾಳೆ, ನೋಡಿದಂತಾಗುತ್ತದೆ ಎಂದು ಒಂದು ಚೀಲ ಅಕ್ಕಿ, ಸೊಪ್ಪು ಹೊತ್ತು ಎರಡು ಬಸ್ಸು ಬದಲಿಸಿ ಬಂದಿದ್ದ. ಹುಡುಗಿಯರಿಬ್ಬರೂ ಹರಿಹರದಿಂದ ಇನ್ನೂ ಬಂದಿರಲಿಲ್ಲ. ಗೇಟಿನ ಪಕ್ಕ ಕಟ್ಟೆಯ ಮೇಲೆ ಕೂತವನನ್ನು ಶಿವಮೂರ್ತಿ ಮಾತಾಡಿಸಿದರು. ಯಾರು, ಯಾವೂರು, ಯಾವ ಮಂದಿ. ಕಾಟಪ್ಪನಿಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. ಸುಧಾನ ಅಪ್ಪ, ಇಂಥ ಊರಿನ ಕೇರಿಯವನು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹಾಗಾದರೆ ಸರೋಜಾಳ ಚಿಗಪ್ಪ ನೀನಲ್ಲವೇ ಎಂದು ಶಿವಮೂರ್ತಿ ಮತ್ತೆ ಕೇಳಿದರು.

ಸುಧಾ ಬಂದಾಗ ಅಪ್ಪ ಕಟ್ಟೆಯಿಂದ ಎದ್ದು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಅಕ್ಕಿಯ ಚೀಲ ಕಾಲ ಬುಡದಲ್ಲಿತ್ತು. ಶಿವಮೂರ್ತಿ ಅವಳ ಮುಖ ನೋಡಲಿಲ್ಲ. ಸರೋಜಾಳನ್ನು ಕರೆದು, ನೀನು ಎಷ್ಟು ದಿನ ಬೇಕಾದರೂ ಇರಮ್ಮ, ನಿನ್ನ ಗೆಳತಿ ಮಾತ್ರ ಈ ತಿಂಗಳು ಮುಗಿಯುವುದರೊಳಗೆ ಬೇರೆ ಕಡೆ ನೋಡಿಕೊಳ್ಳಲಿ, ಅಂದರು. ದನಿ ಏರಿಸಲಿಲ್ಲ. ತಮಗೇನೂ ಇಲ್ಲ, ಬಡಾವಣೆಯಲ್ಲಿ ನಾಲ್ಕು ಮಂದಿ ಇದ್ದಾರೆ ಎಂದರು.

ಸುಧಾ ಅಪ್ಪನನ್ನು ಬಸ್ ಸ್ಟಾಪಿಗೆ ಬಿಡಲು ಹೋದಳು. ಕಾಟಪ್ಪನಿಗೆ ಎಲ್ಲ ಅರ್ಥವಾಗಿತ್ತು. ಇಂಥದ್ದು ಅವನು ಕಾಣದ್ದೇನಲ್ಲ. ಬಸ್ಸು ದೂರದಲ್ಲಿ ಕಂಡ ಮೇಲೆ ಒಂದೇ ಮಾತು ಕೇಳಿದ.

“ನೀ ಅವರಿಗೆ ನಾ ಯಾರು ಅಂತ ಹೇಳಿದ್ದೆ?”

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಾಟಪ್ಪ ಬಸ್ಸು ಹತ್ತಿ ಹೋದ.

ಆವತ್ತು ರೂಮಿನಲ್ಲಿ ಇಬ್ಬರಿಗೂ ಜಗಳವಾಯಿತು. ತಾನೂ ಬಿಟ್ಟು ಬರುತ್ತೇನೆ, ಇಬ್ಬರೂ ಬೇರೆ ಕಡೆ ಹುಡುಕೋಣ ಎಂದು ಸರೋಜಾ ಅತ್ತಳು. ಸುಧಾಗೆ ಆ ಅಳುವನ್ನೂ ಸಹಿಸಲಾಗಲಿಲ್ಲ. ನನ್ನ ಅಪ್ಪನನ್ನು ಅಳಿಸಿಹಾಕಿ ಆ ಜಾಗದಲ್ಲಿ ನಿನ್ನ ಚಿಗಪ್ಪನನ್ನು ಕೂರಿಸಿದವಳು ನೀನೇ ಎಂದು ಬೈದಳು. ಬೈದ ಮೇಲೆ, ಕೂರಿಸುವಾಗ ಸುಮ್ಮನೆ ಚಹಾ ಕುಡಿದವಳು ತಾನೇ ಎಂಬುದು ನೆನಪಾಯಿತು. ಇನ್ನು ಮೇಲೆ ಯಾರ ಮುಂದೆಯೂ ಸುಳ್ಳು ಹೇಳುವುದಿಲ್ಲ, ಆದರೆ ಬಾಡಿಗೆ ಕೇಳಲು ಹೋದ ಕಡೆ ಜಾತಿಯನ್ನೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.

ಮಾರನೆಯ ದಿನದಿಂದ ಬಾಡಿಗೆ ಬೋರ್ಡು ಕಂಡಲ್ಲೆಲ್ಲ ಇಬ್ಬರೂ ಗೇಟು ತಟ್ಟಿದರು. ಹೆಸರು? ಸುಧಾ. ಪೂರ್ತಿ ಹೆಸರು? ಕ್ಲಾಸಿನಲ್ಲಿ ಕರೆಯುವುದನ್ನು ಹೇಳಿದರೆ ಸುಳ್ಳಲ್ಲವಲ್ಲ, ತನಾಕಾ ಸುಧಾ. ಪಕ್ಕದವಳು? ಸುಜುಕಿ ಸರೋಜಾ. ಒಬ್ಬ ಮಾಲೀಕ, ಗಾಡಿ ಕಂಪನಿಯಲ್ಲಿ ಕೆಲಸವೇ ಎಂದು ಕೇಳಿದ. ಇನ್ನೊಬ್ಬಾಕೆ ಕ್ರಿಶ್ಚಿಯನ್ನರೋ ಎಂದಳು. ಒಂದು ಮನೆಯ ಯಜಮಾನ ಬಿಡದೆ, ತನಾಕಾ ಅಂದರೆ ಏನು, ನಮ್ಮ ಕಡೆ ಕೇಳಿಲ್ಲವಲ್ಲ ಎಂದು ಹಿಡಿದುಕೊಂಡ.

“ಗದ್ದಿ ನಡುವೆ ಇರೋರು ಅಂತ ಅರ್ಥರಿ” ಅಂದಳು ಸುಧಾ.

“ಜಾತಿ ಯಾವುದಮ್ಮ?”

“ತಿಂಗಳಾ ತಿಂಗಳಾ ಬಾಡಿಗಿ ಕೊಡೋ ಜಾತಿರಿ.”

ಬಾಗಿಲು ಮುಚ್ಚಿತು. ರಸ್ತೆಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಜಗಳವಾದ ಮೇಲೆ ಮೊದಲ ಸಲ ಒಟ್ಟಿಗೆ ನಕ್ಕದ್ದು. ಆದರೆ ಸಂಜೆಯ ಹೊತ್ತಿಗೆ ಕಾಲು ಸೋತಿದ್ದವು, ರೂಮು ಸಿಕ್ಕಿರಲಿಲ್ಲ. ಸುಧಾಗೆ ಇನ್ನೊಂದು ಯೋಚನೆ ಕೊರೆಯತೊಡಗಿತು. ಆ ಮಾಲೀಕರು ಮೋಸ ಹೋಗಿ ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು? ಅಪ್ಪ ಮತ್ತೆ ಅಕ್ಕಿ ಹೊತ್ತು ಬಂದಾಗ ಯಾರ ಹೆಸರು ಹೇಳಬೇಕಿತ್ತು? ಇದನ್ನು ನುಜತ್ ಮೇಡಂ ಮುಂದೆ ಹೇಳಿಕೊಂಡಳು. ಮೇಡಂ ತಮ್ಮ ಪಾಡು ಹೇಳಿದರು. ಕ್ಲಾಸಿಗೆ ಜಾಗ ಹುಡುಕುವಾಗ ಫೋನಿನಲ್ಲಿ ಒಪ್ಪಿದವರೆಲ್ಲ ಹೆಸರು ಕೇಳಿದ ಮೇಲೆ ಜಾಗ ಖಾಲಿ ಇಲ್ಲ ಅಂದಿದ್ದರು. ಅದಕ್ಕೇ ಟೈರಿನ ವಾಸನೆಯಲ್ಲಿ ಪಾಠ. “ಹೆಸರು ಬದಲಿಸ್ಕೊಂಡಿದ್ರೆ ಒಳ್ಳೆ ಜಾಗ ಸಿಗ್ತಿತ್ತು. ನಾ ಬದಲಿಸ್ಲಿಲ್ಲ” ಎಂದಷ್ಟೇ ಹೇಳಿ ಬೋರ್ಡಿನ ಕಡೆ ತಿರುಗಿದರು.

ತಿಂಗಳ ಕೊನೆ ಹತ್ತಿರವಾದಾಗ ಶಿವಮೂರ್ತಿಯವರೇ ಸುಧಾಳನ್ನು ಕೆಳಗೆ ಕರೆದರು. ಅವರಿಗೂ ನಿದ್ದೆ ಸರಿಯಾಗಿ ಬಂದಿರಲಿಲ್ಲವೇನೋ, ಮುಖ ಬಾಡಿತ್ತು. ಕೂಡಮ್ಮ ಅಂದರು. ಅವಳು ಕೂಡಲಿಲ್ಲ.

“ಪರೀಕ್ಷೆ ಮುಗಿಯೋ ತನಕ ಇಲ್ಲೇ ಇರು” ಅಂದರು. “ಓದೋ ಹುಡುಗಿ, ಬೀದಿ ಬೀದಿ ಅಲೆಯೋದು ನೋಡಕ್ಕಾಗಲ್ಲ. ಕೇಳಿದೋರಿಗೆ ಸರೋಜಾನ ಚಿಗಪ್ಪನ ಮಗಳು ಅಂತ ಹೇಳು, ಮೊದಲು ಹೇಳ್ದಂಗೆ. ನಿಮ್ಮಪ್ಪ ಮಾತ್ರ ಈ ಕಡೆ ಬರೋದು ಬ್ಯಾಡ.”

ಅವರು ಉಪಕಾರ ಮಾಡುತ್ತಿದ್ದೇನೆಂದೇ ಅಂದುಕೊಂಡಿದ್ದರು. ಅದು ಸುಧಾಗೆ ಸ್ಪಷ್ಟವಾಗಿ ಕಂಡಿತು. ಜಪಾನಿ ಭಾಷೆಯ ಪರೀಕ್ಷೆಗೆ ಹೆಚ್ಚು ದಿನವಿರಲಿಲ್ಲ, ಮೇಲೆ ಮೇಜಿನ ಮೇಲೆ ಪುಸ್ತಕ ತೆರೆದೇ ಇತ್ತು, ಹೂಂ ಅಂದರೆ ಸಾಕಿತ್ತು.

“ನಮ್ಮಪ್ಪ ಬರಬಾರದ ಮನ್ಯಾಗ ನಾ ಇರಲ್ರಿ” ಅಂದಳು. “ನಾನು ಕಾಟಪ್ಪನ ಮಗಳು. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳಿದೀನಿ. ಅದನ್ನ ನೀವೂ ನಾಲ್ಕು ಮಂದಿಗೆ ಹೇಳ್ತೀರಿ ಅಂದ್ರ ಇರ್ತೀನಿ.”

ಶಿವಮೂರ್ತಿ ಸಿಟ್ಟು ಮಾಡಿಕೊಳ್ಳಬ್ಯಾಡ ಎಂದೇನೋ ಅನ್ನುತ್ತಿದ್ದರು. ಅವಳು ಮೆಟ್ಟಿಲು ಹತ್ತಿ ಹೋಗಿ ಟ್ರಂಕು ಕಟ್ಟಿದಳು. ಸರೋಜಾಳೂ ತನ್ನ ಬೆನ್ನಚೀಲ ತುಂಬಿಕೊಂಡಳು. ಇಬ್ಬರೂ ಟ್ರಂಕನ್ನು ಒಂದೊಂದು ಕಡೆ ಹಿಡಿದು ಇಳಿಸುವಾಗ ಪಕ್ಕದ ಮನೆಯ ಹೆಂಗಸು ಗಿಡಕ್ಕೆ ನೀರು ಬಿಡುತ್ತಿದ್ದಳು. ಯಾಕ, ಇಷ್ಟು ಬೇಗ ಖಾಲಿ ಮಾಡ್ತಿದ್ದೀರಿ ಎಂದಳು. ಸುಧಾ ಟ್ರಂಕು ಕೆಳಗಿಟ್ಟು, ತಾನು ಮಲೆಬೆನ್ನೂರಿನ ಕಡೆಯ ಇಂಥ ಕೇರಿಯ ಕಾಟಪ್ಪನ ಮಗಳೆಂದೂ, ಅದಕ್ಕೇ ಬಿಡಬೇಕಾಯಿತೆಂದೂ ನಿಧಾನವಾಗಿ ಹೇಳಿದಳು. ಪೈಪಿನ ನೀರು ಅಂಗಳದ ತುಂಬ ಹರಿಯಿತು. ಮುಂದಿನ ಮನೆಯವರು ಕೇಳಿದರು, ಅವರಿಗೂ ಹೇಳಿದಳು. ಮೂಲೆಯ ಕಿರಾಣಿ ಅಂಗಡಿಯವನು ಏನೂ ಕೇಳಿರಲಿಲ್ಲ. ಅವನಿಗೂ ಹೇಳಿದಳು. ಟ್ರಂಕಿನ ಇನ್ನೊಂದು ಬದಿ ಹಿಡಿದಿದ್ದ ಸರೋಜಾ ಪ್ರತಿ ಸಲವೂ ನಿಂತಳು, ಒಮ್ಮೆಯೂ ಅವಸರ ಮಾಡಲಿಲ್ಲ. ಬಸ್ ಸ್ಟಾಪು ಮುಟ್ಟಿದ ಮೇಲೆ ಇಬ್ಬರೂ ಟ್ರಂಕಿನ ಮೇಲೆ ಕೂತರು.

ಅಲ್ಲಿಂದ ಮುಂದೆ ದಿನಾ ಊರಿನಿಂದಲೇ ಓಡಾಟ. ಬೆಳಗ್ಗೆ ಮಲೆಬೆನ್ನೂರಿನ ಬಸ್ಸು, ಹರಿಹರದಲ್ಲಿ ಡ್ಯೂಟಿ, ದಾವಣಗೆರೆಯಲ್ಲಿ ಕ್ಲಾಸು, ಮತ್ತೆ ಅದೇ ದಾರಿ. ಸೀಟು ಸಿಕ್ಕರೆ ತೊಡೆಯ ಮೇಲೆ ಪುಸ್ತಕ, ಸಿಗದಿದ್ದರೆ ಕಂಬಕ್ಕೆ ಒರಗಿ ಬಾಯಿಪಾಠ. ಸರೋಜಾ ಹರಿಹರದಲ್ಲಿ ಸೋದರತ್ತೆಯ ಮನೆ ಸೇರಿಕೊಂಡಳು. ಬಿಡುವಿದ್ದಾಗ ಸುಧಾ ಅಲ್ಲಿಗೆ ಹೋಗಿ ಓದಬಹುದಿತ್ತು. ಮೊದಲ ಸಲ ಹೋದಾಗ ಬಾಗಿಲಲ್ಲೇ ನಿಂತು ತಾನು ಯಾರೆಂದು ಹೇಳಿಯೇ ಒಳಗೆ ಕಾಲಿಟ್ಟಳು. ಆ ಅತ್ತೆ ಸ್ವಲ್ಪ ಹೊತ್ತು ಬಿಗಿಯಾಗಿದ್ದಳು, ಆಮೇಲೆ ಚಹಾ ಕೊಟ್ಟಳು. ಸರೋಜಾ ಆ ಬಿಗಿತಕ್ಕೆ ಅತ್ತೆಯೊಡನೆ ಮಾತು ಬಿಟ್ಟು ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಪರೀಕ್ಷೆ ಇಬ್ಬರೂ ಪಾಸಾದರು, ಸುಧಾ ಅಂಚಿನಲ್ಲಿ. ಕೆಲಸದ ಸಂದರ್ಶನ ಕ್ಲಾಸಿನ ಹಾಲಿನಲ್ಲೇ, ಕಂಪ್ಯೂಟರಿನ ಪರದೆಯ ಮೇಲೆ. ಸುಧಾಳ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿತ್ತು. ಅಲ್ಲಿನವರಿಗೆ ಅದು ಗೊಂದಲವಾಗುತ್ತದೆ, ಕರೆಯಲು ಸುಲಭವಾಗುವಂತೆ ಒಂದು ಹೆಸರು ಯೋಚಿಸಿಟ್ಟುಕೊಳ್ಳಿ ಎಂದು ಕೆಲಸ ಕೊಡಿಸುವ ಏಜೆನ್ಸಿಯವರು ಮೊದಲೇ ಹೇಳಿದ್ದರು. ಕೊಟ್ರೇಶ್, ನೀ ಹೆಂಗೂ ತನಾಕಾ ಅಲ್ಲವೇ, ಅದನ್ನೇ ಹೇಳಿಬಿಡು ಎಂದು ತಮಾಷೆ ಮಾಡಿದ್ದ.

ಪರದೆಯ ಮೇಲೆ ಬಂದದ್ದು ನೆರೆತ ಕೂದಲಿನ ಹೆಂಗಸು, ಜಪಾನಿನ ಒಂದು ವೃದ್ಧಾಶ್ರಮದ ಮುಖ್ಯಸ್ಥೆ. ಮುದುಕರನ್ನು ಹಾಸಿಗೆಯಿಂದ ಎಬ್ಬಿಸುವುದು ಹೇಗೆ, ಊಟ ಬೇಡವೆಂದು ಹಟ ಹಿಡಿದರೆ ಏನು ಮಾಡುತ್ತೀ, ಎಲ್ಲ ಕೇಳಿದಳು. ಕೊನೆಗೆ ಕಾಗದ ನೋಡಿ, ನಿನಗೆ ಮನೆತನದ ಹೆಸರೇ ಇಲ್ಲವಲ್ಲ, ಇಲ್ಲಿ ನಿನ್ನನ್ನು ಏನೆಂದು ಕರೆಯಬೇಕು ಎಂದಳು.

ನಮ್ಮಲ್ಲಿ ಮನೆತನದ ಹೆಸರಿಲ್ಲ ಎಂದು ಸುಧಾ ಜಪಾನಿಯಲ್ಲೇ ಉತ್ತರಿಸಿದಳು. ಇಲ್ಲದ್ದಕ್ಕೆ ಕ್ಷಮೆ ಕೇಳಲಿಲ್ಲ. “ಕಾಟಪ್ಪ ಅಂತ ಕರೀರಿ. ಅದು ನಮ್ಮ ತಂದೆಯ ಹೆಸರು” ಅಂದಳು.

ಆ ಹೆಂಗಸು ಎರಡು ಸಲ ತಡವರಿಸಿ, ಮೂರನೆಯ ಸಲಕ್ಕೆ ಸರಿಯಾಗಿ ಉಚ್ಚರಿಸಿದಳು. “ಕಾಟಪ್ಪಾ-ಸಾನ್.”

ಆ ವೃದ್ಧಾಶ್ರಮದವರು ಸುಧಾಳನ್ನು ತೆಗೆದುಕೊಳ್ಳಲಿಲ್ಲ. ಭಾಷೆ ಇನ್ನೂ ಸಾಲದು ಅಂದರು. ಅವಳು ಇನ್ನಷ್ಟು ಓದಿದಳು. ಎರಡನೆಯ ಕಡೆಯವರು ಒಪ್ಪಿದರು. ಅಲ್ಲಿಯೂ ಅದೇ ಪ್ರಶ್ನೆ ಬಂತು, ಅದೇ ಉತ್ತರ ಕೊಟ್ಟಳು. ಆ ಸುದ್ದಿ ಹೇಳಲು ಫೋನು ಮಾಡಿದಾಗ ಕಾಟಪ್ಪ ಬದುವಿನ ಮೇಲಿದ್ದ. ಅಲ್ಲಿ ಎಲ್ಲರೂ ತನ್ನನ್ನು ಕಾಟಪ್ಪಾ-ಸಾನ್ ಎಂದು ಕರೆಯುತ್ತಾರೆ ಎಂದಳು. ಸಾನ್ ಅಂದರೆ ಏನೆಂದು ಅವನು ಕೇಳಿದ.

“ಅವರೇ ಅಂದಂಗಪ್ಪ. ಕಾಟಪ್ಪನವರೇ ಅಂತ.”

ಆ ಕಡೆಯಿಂದ ನೀರು ಹರಿಯುವ ಸದ್ದು, ಯಾರೋ ಟ್ರಾಕ್ಟರು ತಿರುಗಿಸುವ ಸದ್ದು ಕೇಳುತ್ತಿತ್ತು. ಆಮೇಲೆ ಕಾಟಪ್ಪ, ಅಲ್ಲಿ ಚಳಿ ಜಾಸ್ತಿಯಂತಲ್ಲ, ದಪ್ಪನೆಯ ಸ್ವೆಟರು ತಗೋ ಅಂದ.