ಮಾತಾಡಿಸಲು ಹೋಗದ ಹನ್ನೊಂದು ದಿನ

ಆ ಗುರುವಾರ ಹರಿತಾ ಅರ್ಧ ಗಂಟೆಯ ಮಟ್ಟಿಗೆ ರೇವತಿಯ ಅಪ್ಪನಾಗಿದ್ದಳು. ಕಲ್ಯಾಣದುರ್ಗದ ಓಟದ ತರಬೇತಿ ಕೇಂದ್ರದವರು ಅವಳಿಗೆ ಬಿಟ್ಟುಕೊಟ್ಟಿದ್ದು ಸಾಮಾನಿನ ಕೋಣೆ. ಒಂದು ಗೋಡೆಗೆ ಒರಗಿಸಿದ ಹರ್ಡಲ್‌ಗಳು, ಇನ್ನೊಂದು ಕಡೆ ಹರಿದ ಮ್ಯಾಟುಗಳ ರಾಶಿ, ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಗಳು ಎದುರುಬದುರಾಗಿರಬಾರದು, ತುಸು ಓರೆಯಾಗಿರಬೇಕು ಎಂದು ಅವಳ ಪಠ್ಯಪುಸ್ತಕದಲ್ಲಿತ್ತು. ಓರೆಯಾಗಿಯೇ ಇಟ್ಟಿದ್ದಳು.

"ಹೇಳು ರೇವತಿ. ನಾನೇ ನಿಮ್ಮಪ್ಪ ಅಂದ್ಕೋ."

ರೇವತಿ ನಕ್ಕುಬಿಟ್ಟಳು. "ನಮ್ಮಪ್ಪ ಹಂಗ್ ಕೂತ್ಕಳಲ್ಲ ಅಕ್ಕ. ಕುಕ್ಕರುಗಾಲಲ್ಲಿ ಕೂತು ಬೀಡಿ ಹುಡುಕ್ತಾನೆ."

ಹರಿತಾ ಕುರ್ಚಿ ಬಿಟ್ಟು ಕುಕ್ಕರುಗಾಲಲ್ಲಿ ಕೂತು, ಇಲ್ಲದ ಜೇಬಿನಲ್ಲಿ ಇಲ್ಲದ ಬೀಡಿ ಹುಡುಕಿದಳು.

"ಅಪ್ಪಾ, ನಾಳೆಯಿಂದ ನೀವು ಗ್ರೌಂಡಿಗೆ..." ಎಂದು ಶುರುಮಾಡಿದ ರೇವತಿ ನಿಲ್ಲಿಸಿದಳು. "ನಮ್ಮಪ್ಪಂಗೆ ನಾವು ನೀವು ಗೀವು ಅನ್ನಲ್ಲಕ್ಕ. ಹಂಗಂದ್ರೆ ನಂಗೇನೋ ಕಾಯಿಲೆ ಅಂದ್ಕತಾನೆ."

ಮೂರನೇ ಸಲಕ್ಕೆ ಮಾತು ಹದಕ್ಕೆ ಬಂತು. "ಅಪ್ಪಾ, ನಾಳೆಯಿಂದ ನೀನು ಗ್ರೌಂಡಿಗೆ ಬರ್ಬ್ಯಾಡ. ನೀನು ಕೂಗಿದ್ರೆ ನನ್ ಕಾಲು ಕಟ್ಕತಾವೆ."

ಹರಿತಾ ಹಿಂದೂಪುರದ ನೇಕಾರರ ಮನೆಯ ಹುಡುಗಿ. ಕ್ರೀಡಾ ಮತ್ತು ಆಪ್ತಸಮಾಲೋಚನಾ ಮನಶ್ಶಾಸ್ತ್ರದ ಎಂ.ಎಸ್ಸಿ.ಯ ಎರಡನೇ ವರ್ಷ. ನೂರು ಗಂಟೆಯ ಪ್ರಾಯೋಗಿಕ ತರಬೇತಿ ಮುಗಿಸಬೇಕಿತ್ತು. ಗುರುವಾರ ಬಸ್ಸು ಹತ್ತಿ ಬಂದರೆ ಶನಿವಾರದವರೆಗೆ ಕಲ್ಯಾಣದುರ್ಗದಲ್ಲಿ. ರೇವತಿ ಅವಳ ಮೊದಲ ಓಟಗಾರ್ತಿ. ಹದಿನೇಳು ವರ್ಷ, ಎಂಟುನೂರು ಮೀಟರು. ಕಂಬದೂರಿನ ಪಕ್ಕದ ಹಳ್ಳಿಯವಳು. ಅಪ್ಪ ಶ್ರೀರಾಮಪ್ಪ ದಿನಾ ಬೆಳಗ್ಗೆ ಮೊಪೆಡ್ಡಿನ ಮೇಲೆ ಕೂರಿಸಿಕೊಂಡು ಬಂದು, ಸುಣ್ಣದ ಗೆರೆಯ ಪಕ್ಕ ನಿಂತು ಕೂಗುತ್ತಿದ್ದ. ಅದು ಕುರಿ ತಿರುಗಿಸುವ ಕೂಗು. ಅವನಿಗೆ ಬೇರೆ ಕೂಗು ಗೊತ್ತಿರಲಿಲ್ಲ. ಉಳಿದ ಹುಡುಗಿಯರು ಅದನ್ನು ಅಣಕಿಸಿ, "ಬಂತು ಕಣ್ರೇ ಕುರಿ, ದಾರಿ ಬಿಡ್ರೇ" ಎನ್ನುತ್ತಿದ್ದರು. ಕೊನೆಯ ನೂರು ಮೀಟರಿನಲ್ಲಿ ರೇವತಿಯ ಕಾಲು ಮರವಾಗುತ್ತಿತ್ತು. ತರಬೇತುದಾರ ಅಂಬರೀಶ್ ಸರ್ ಆಹಾರ ಬದಲಿಸಿದರು, ಶೂ ಬದಲಿಸಿದರು. ಕಾರಣ ಅಪ್ಪನ ದನಿ ಎಂದು ಕಂಡುಹಿಡಿದದ್ದು ಹರಿತಾ. ಪುಸ್ತಕದಲ್ಲಿದ್ದದ್ದೇ ಕಣ್ಣೆದುರು ಬಂದು ಕೂತ ಸಂತೋಷ ಅವಳಿಗೆ ವಾರವೆಲ್ಲ ಇತ್ತು.

ಆ ಮಾತನ್ನು ರೇವತಿ ಅದೇ ಸಂಜೆ ಹೇಳಿದಳು. ಶ್ರೀರಾಮಪ್ಪ "ಆಯ್ತು ಬುಡಮ್ಮ" ಅಂದನಂತೆ, ಅಷ್ಟೇ. ಮರುದಿನದಿಂದ ಕಂಬದೂರಿನ ತನಕ ಬಿಟ್ಟು ಬಸ್ಸು ಹತ್ತಿಸಿ ತಿರುಗಿ ಹೋಗತೊಡಗಿದ. ವಾರದೊಳಗೆ ರೇವತಿಯ ಓಟದ ಸಮಯ ಎರಡು ಸೆಕೆಂಡು ಇಳಿಯಿತು. ಹರಿತಾ ದಾಖಲೆ ಪುಸ್ತಕದಲ್ಲಿ "ಉತ್ತಮ ಪ್ರಗತಿ" ಎಂದು ಬರೆದು ಕೆಳಗೆ ಗೆರೆ ಎಳೆದಳು.

ಹನ್ನೊಂದನೆಯ ದಿನ, ಸೋಮವಾರ, ಶ್ರೀರಾಮಪ್ಪ ಬೋರ್‌ವೆಲ್ ಹತ್ತಿರ ಕುಸಿದು ಸತ್ತ. ರೇವತಿ ಆಗ ಗ್ರೌಂಡಿನಲ್ಲಿ ನಾಲ್ಕನೇ ಸುತ್ತು ಓಡುತ್ತಿದ್ದಳು. ಅಂಬರೀಶ್ ಸರ್ ಹರಿತಾಳಿಗೆ ಫೋನು ಮಾಡಿ, "ಹಾರ್ಟು ಅಂತಮ್ಮ, ಪಾಪಂ" ಎಂದಾಗ ಅವಳು ಹಿಂದೂಪುರದ ಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದಳು.

ವಿಷಯ ಕೇಳಿದ ಅಮ್ಮ ಪದ್ಮಾವತಮ್ಮ ಗೋಡೆಯ ಕ್ಯಾಲೆಂಡರ್ ನೋಡಿದಳು. "ನಾಳೆ ಮಂಗಳವಾರ, ಬ್ಯಾಡ. ಬುಧವಾರ ಹೋಗಿ ಮಾತಾಡ್ಸಿ ಬಂದ್ಬುಡು."

"ಹಂಗೆಲ್ಲ ಹೋಗಂಗಿಲ್ಲಮ್ಮ. ಅವರ ಮನೆಗೆ ಹೋಗಬಾರ್ದು ಅಂತ ನಮ್ಗೆ ರೂಲ್ಸು."

"ಸತ್ತ ಮನೆಗೆ ಹೋಗ್ಬ್ಯಾಡ ಅನ್ನೋ ರೂಲ್ಸಾ? ಆ ಪುಸ್ತಕ ಬರ್ದೋನ ಮನೇಲಿ ಯಾರೂ ಸಾಯ್ನಿಲ್ವಾ?"

ಹರಿತಾ ಬೆಂಗಳೂರಿನ ತನ್ನ ಮಾರ್ಗದರ್ಶಕ ವೇಣುಗೋಪಾಲ್ ಅವರಿಗೆ ಫೋನು ಮಾಡಿದಳು. ಅವರು ಒಳ್ಳೆಯ ಮನುಷ್ಯ, ಯೋಚಿಸಿಯೇ ಮಾತಾಡುವವರು. "ನೀವು ಹೋದರೆ ಅವಳ ನೆಂಟರಲ್ಲಿ ಒಬ್ಬರಾಗ್ತೀರಿ. ನೆಂಟರು ಅವಳಿಗೆ ಬೇಕಾದಷ್ಟಿದ್ದಾರೆ. ನೆಂಟರ ಹತ್ತಿರ ಹೇಳಲಾಗದ್ದನ್ನು ಹೇಳೋಕೆ ಅವಳಿಗೊಂದು ಜಾಗ ಉಳೀಬೇಕು. ಒಂದು ಸಂದೇಶ ಕಳಿಸಿ, ಕಾಯಿರಿ" ಎಂದರು.

ಸರಿಯಾದ ಮಾತು. ಆದರೆ ಹರಿತಾ ಅವರಿಗೆ ಎಲ್ಲವನ್ನೂ ಹೇಳಿ ಒಂದನ್ನು ಬಿಟ್ಟಿದ್ದಳು: ಸಾಯುವ ಹನ್ನೊಂದು ದಿನ ಮುಂಚೆ ಆ ಅಪ್ಪನನ್ನು ಗ್ರೌಂಡಿನಿಂದ ದೂರ ಮಾಡಿದ ಮಾತನ್ನು ತಾನೇ ಹೇಳಿಕೊಟ್ಟದ್ದು. ತನಗೆ ಬೇಕಾದ ಉತ್ತರ ಬರುವ ಹಾಗೆ ಕೇಳಿದಳು, ಅದು ಬಂತು. ರೇವತಿಯ ಮುಖ ನೋಡಬೇಕಾಗಿಲ್ಲ ಎಂದಾದಾಗ ಎದೆ ಎಷ್ಟು ಹಗುರಾಯಿತೆಂದರೆ, ಹಗುರಾದದ್ದಕ್ಕೇ ನಾಚಿಕೆಯಾಯಿತು.

ಮೂರು ಸಾಲಿನ ಸಂದೇಶ ಕಳಿಸಿದಳು. ಓದಿದ ಗುರುತಿಗೆ ಎರಡು ನೀಲಿ ಗೆರೆ ಮೂಡಿದವು, ಉತ್ತರ ಬರಲಿಲ್ಲ. ಗುರುವಾರ ಎಂದಿನಂತೆ ಕಲ್ಯಾಣದುರ್ಗಕ್ಕೆ ಹೋದಳು. ಅಲ್ಲಿಂದ ಕಂಬದೂರಿಗೆ ಗಂಟೆಗೊಂದು ಬಸ್ಸು. ಅದು ಹೋಗುವುದನ್ನು ಕಿಟಕಿಯಿಂದ ನೋಡುತ್ತ, ರೇವತಿಯ ಸೆಷನ್ನಿನ ಹೊತ್ತಿನಲ್ಲಿ ಖಾಲಿ ಕುರ್ಚಿಯ ಪಕ್ಕ ಓರೆಯಾಗಿ ಕೂತಳು. ಗ್ರೌಂಡಿನ ಹುಡುಗಿಯರೆಲ್ಲ ಒಂದು ಆಟೋ ಮಾಡಿಕೊಂಡು ರೇವತಿಯ ಮನೆಗೆ ಹೋಗಿ ಬಂದರು. "ನೀವು ಬರಲ್ವಾ ಮೇಡಂ?" ಎಂದು ಕೇಳಿದ್ದರು. ಬರಹದ ಕೆಲಸವಿದೆ ಎಂದಿದ್ದಳು.

ಆ ಬರಹವೇ ಅವಳನ್ನು ಹಿಡಿದುಕೊಟ್ಟಿತು. ಸೆಷನ್ನುಗಳ ವರದಿಯಲ್ಲಿ ಮೊದಲಿನ ಗುರುವಾರ ಹೇಳಿಕೊಟ್ಟ ಮಾತು ಇರಲೇಬೇಕಿತ್ತು, ಬರೆದಳು. ಮುಂದಿನ ಗುರುವಾರ ಅದನ್ನು ಓದಿದ ವೇಣುಗೋಪಾಲ್ ತಾವೇ ಫೋನು ಮಾಡಿದರು.

"ಇದನ್ನು ಮೊದಲೇ ಹೇಳಿದ್ದರೆ, ಹೋಗಿ ಅಂತಿದ್ದೆ ಹರಿತಾ. ಈ ವಿಷಯದಲ್ಲಿ ಆ ಹುಡುಗಿಗೆ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ."

ಅಂದು ಶ್ರೀರಾಮಪ್ಪನ ಹನ್ನೊಂದನೆಯ ದಿನದ ಕಾರ್ಯ. ಮರುದಿನ ಅವಳು ಹೊರಟಳು.

ರೇವತಿಯ ಮನೆಯ ಮುಂದಿನ ಶಾಮಿಯಾನ ಬಿಚ್ಚಿಯಾಗಿತ್ತು. ಜಗಲಿಯಲ್ಲಿ ಶ್ರೀರಾಮಪ್ಪನ ತಾಯಿ ಹಂಪಮ್ಮ ಕಾಲು ಚಾಚಿ ಕೂತಿದ್ದಳು. ಹೆಂಡತಿ ರಂಗಲಕ್ಷ್ಮಮ್ಮ ಹರಿತಾಳ ಕೈ ಹಿಡಿದುಕೊಂಡು ಅತ್ತಳು, ಆಮೇಲೆ ಸೆರಗಿನಿಂದ ಚಾಪೆ ಒರೆಸಿ ಕೂರಿಸಿದಳು. ರೇವತಿ ಚೊಂಬಿನಲ್ಲಿ ನೀರು ತಂದಿಟ್ಟಳು.

"ತಗೊಳ್ಳಿ ಮೇಡಂ."

ಮೇಡಂ. ಅಕ್ಕ ಅಲ್ಲ. ಹರಿತಾ ಎರಡು ಗುಟುಕು ಕುಡಿದು ಚೊಂಬು ಕೆಳಗಿಟ್ಟಳು.

"ಮಂಡಿನೋವು ಅಂತ ಕಡೇಗೆ ಗ್ರೌಂಡಿಗೆ ಬರೋದೂ ಬುಟ್ಬುಟ್ಟಿದ್ರು ಕಣಮ್ಮ" ಎಂದಳು ರಂಗಲಕ್ಷ್ಮಮ್ಮ. "ಅಷ್ಟು ದೂರ ಗಾಡಿ ಓಡ್ಸಕ್ಕಾಗಲ್ಲ ಅನ್ನೋರು. ಆದ್ರೂ ದಿನಾ ಮಗಳು ಬರೋ ಹೊತ್ಗೆ ರಸ್ತೆಗೋಗಿ ನಿಂತ್ಕಳೋರು, ಇವತ್ತೆಷ್ಟಕ್ಕೆ ಓಡ್ದಮ್ಮ ಅಂತ ಕೇಳಕ್ಕೆ. ಎದೆನೋವಿಗೆ ಅದೇ ಮುನ್ಸೂಚನೆಯೋ ಏನೋ, ನಮ್ಗೆಲ್ಲಿ ತಿಳೀಬೇಕು?"

"ಅಮ್ಮಾ, ಅದು ಮಂಡಿನೋವಲ್ಲ..." ಹರಿತಾ ಬಾಯಿ ತೆರೆದಳು.

"ಮೇಡಂ, ಬನ್ನಿ, ಕುರಿ ತೋರಿಸ್ತೀನಿ" ಎಂದು ರೇವತಿ ಎದ್ದಳು.

ದೊಡ್ಡಿಯಲ್ಲಿ ಮರಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ರೇವತಿ ಬೇಲಿಯ ಮುಳ್ಳು ಸರಿಪಡಿಸುತ್ತ ಮಾತಾಡಿದಳು. "ಮಂಡಿನೋವು ಅಂತ ಅಮ್ಮಂಗೆ ಅಂದಿದ್ದು ನಮ್ಮಪ್ಪ. ನನ್ ಮಾನ ಉಳಿಸಕ್ಕೆ ಅಂದಿದ್ದು. ಅದನ್ನ ನೀವು ಬಂದು ಸುಳ್ಳು ಮಾಡ್ಬ್ಯಾಡಿ."

"ತಪ್ಪು ನಂದು ರೇವತಿ."

"ತಪ್ಪು ಅಂತ ನಾನಂದ್ನಾ? ಎರಡು ಸೆಕೆಂಡ್ ಇಳೀತು ಅಂದಾಗ ಅಪ್ಪಂಗೆ ಎಷ್ಟು ಖುಷಿ ಆಗಿತ್ತು." ಅವಳ ದನಿ ಒಡೆದು ಮತ್ತೆ ಕೂಡಿಕೊಂಡಿತು. "ಊರೋರೆಲ್ಲ ಬಂದ್ರು ಮೇಡಂ. ಕುರಿ ಕುರಿ ಅಂತ ಆಡ್ಕತಿದ್ದೋರೂ ಬಂದ್ರು, ಅತ್ರು. ಯಾರತ್ರ ಹೇಳ್ಲಿ, ನಾನೇ ಬರ್ಬ್ಯಾಡ ಅಂದಿದ್ದೆ ಅಂತ? ನೀವು ಬಂದ್ರೇನೋ ಅಂತ ದಿನಾ ಆಟೋ ಸದ್ದಾದ್ರೆ ಹೊರಗೆ ಬರ್ತಿದ್ದೆ. ಈಗ ಒಬ್ಳೇ ಇಟ್ಕಣಾದು ಅಭ್ಯಾಸ ಆಗೋಯ್ತು."

ಹರಿತಾ ಬಿದ್ದಿದ್ದ ಮುಳ್ಳಿನ ಕೊಂಬೆಯೊಂದನ್ನು ಎತ್ತಿಕೊಟ್ಟಳು. ಕೊನೆಗೆ ಕೇಳಿದಳು. "ಮತ್ತೆ ಓಡ್ತೀಯಾ?"

"ಓಡ್ತೀನಿ. ಸೋಮವಾರ ಬತ್ತೀನಿ ಅಂತ ಅಂಬರೀಶ್ ಸರ್‌ಗೆ ಹೇಳಿದೀನಿ. ಆದ್ರೆ ಆ ರೂಮಿಗೆ ಬರಲ್ಲ. ನಿಮ್ಮನ್ನ ನೋಡಿದ್ರೆ, ನಮ್ಮಪ್ಪನಂಗೆ ಕುಕ್ಕರುಗಾಲಲ್ಲಿ ಕೂತ್ಕಂಡಂಗೇ ಕಾಣ್ತೀರ."

ಇಬ್ಬರೂ ಜಗಲಿಗೆ ಬಂದರು. ರಂಗಲಕ್ಷ್ಮಮ್ಮ ಕಾಫಿಗೆ ಒಲೆ ಹಚ್ಚಲು ಹೊರಟಾಗ ಹರಿತಾ ಬೇಡವೆಂದಳು. ಚಪ್ಪಲಿ ಮೆಟ್ಟಿ, ಬಾಯಿ ಅಭ್ಯಾಸದಂತೆ, "ಬತ್ತೀನಮ್ಮ" ಅಂದುಬಿಟ್ಟಳು.

ಹಂಪಮ್ಮ ಕೋಲಿನಿಂದ ಜಗಲಿ ಕುಟ್ಟಿದಳು. "ಏಯ್, ಸಾವಿನ ಮನೇಲಿ ಬತ್ತೀನಿ ಅಂತಾರೇನಮ್ಮ? ಓದ್ಕಂಡಿರೋಳು ನೀನು!"

"ಅವ್ರು ಬರಲ್ಲ ಬುಡಜ್ಜಿ" ಎಂದಳು ರೇವತಿ. ಚೊಂಬಿನಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು.