ಲಾರಿ ಎತ್ತರಿಸಿದ್ದು

ವಾರದಲ್ಲಿ ಸಿಗುವ ಒಂದೇ ಒಂದು ರಜೆಯ ದಿನ ಇಟ್ಟಿಗೆ ಲಾರಿಯವನು ಹೆಂಡತಿಯ ತಮ್ಮನ ಶೆಡ್ಡಿನಲ್ಲಿ ಅಂಗಾತ ಮಲಗಿ ತನ್ನ ಲಾರಿಯ ಹೊಟ್ಟೆ ನೋಡುತ್ತಿದ್ದ. ಮಲಗಬೇಕಾದ ಜಾಗ ಅದಲ್ಲ ಎಂದು ಅವನ ಸೊಂಟ ಬೆಳಗಿನಿಂದ ಹೇಳುತ್ತಲೇ ಇತ್ತು. ಲಾರಿಯನ್ನು ಎತ್ತರಿಸುವ ಸಾಮಾನು ಒಂದು ರಟ್ಟಿನ ಡಬ್ಬಿಯಲ್ಲಿ ಬಂದಿತ್ತು. ಮುಂದಿನ ಸ್ಪ್ರಿಂಗುಗಳ ಮೇಲಿಡಲು ದಪ್ಪ ಬಿಲ್ಲೆಗಳು, ಹಿಂದಿನ ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಕೂರಿಸಲು ಕಬ್ಬಿಣದ ಗಟ್ಟಿಗಳು, ಉದ್ದನೆಯ ಬೋಲ್ಟುಗಳು. ಇದ್ದುದರಲ್ಲೇ ಅಗ್ಗದ್ದು. ಹೇಗೆ ಜೋಡಿಸಬೇಕೆಂದು ಬರೆದಿದ್ದ ಚೀಟಿಯಲ್ಲಿ ಭಾವಮೈದ ಆಗಲೇ ಕೈಯ ಗ್ರೀಸು ಒರೆಸಿಕೊಂಡಿದ್ದ.

“ಭಾವ, ಮತ್ತೊಂದ್ಸಲ ಹೇಳ್ತೀನಿ, ಆಮೇಲೆ ನನ್ನ ಮೇಲೆ ಹಾರಾಡಬೇಡಿ. ಇದು ಎತ್ತರ ಕೊಡುತ್ತೆ ಅಷ್ಟೆ. ಹೊಂಡದಲ್ಲಿ ತಳ ಬಡಿಯೋದು ತಪ್ಪುತ್ತೆ. ಕುಲುಕಾಟ ತಪ್ಪಲ್ಲ. ಪಟ್ಟಿ ಅದೇ ಹಳೇದು ತಾನೆ?”

“ತಳ ಬಡಿಯೋದು ತಪ್ಪಿದ್ರೆ ಸಾಕು ಮಾರಾಯ. ನಿಮ್ಮಕ್ಕನ ಬೆನ್ನು ಮುರೀತಿರೋದೇ ಅದರಿಂದ.”

ಭಟ್ಟಿಯಿಂದ ಕಟ್ಟಡಗಳಿಗೆ ಇಟ್ಟಿಗೆ ಸಾಗಿಸುವ ಕೆಲಸದಲ್ಲಿ ಕ್ಲೀನರ್ ಇಲ್ಲದ ಲಾರಿ ಅವನದೊಂದೇ. ಮದುವೆಯಾದ ಹೊಸತರಲ್ಲಿ ಕ್ಲೀನರ್ ಕೈಕೊಟ್ಟಾಗ ಒಂದು ದಿನಕ್ಕೆಂದು ಹತ್ತಿದ್ದ ಹೆಂಡತಿ ಆಮೇಲೆ ಇಳಿಯಲೇ ಇಲ್ಲ. ಇಕ್ಕಟ್ಟಿನ ಓಣಿಗಳಲ್ಲಿ ಲಾರಿ ಹಿಂದಕ್ಕೆ ತೆಗೆಯುವಾಗ ಹಿಂದೆ ನಿಂತು “ಬರ್ಲಿ, ಬರ್ಲಿ, ಸಾಕು ನಿಲ್ಸಿ” ಎಂದು ಕೂಗುವವಳು ಅವಳೇ. ಅವಳ ದನಿಗೆ ಬ್ರೇಕು ತಾನಾಗಿಯೇ ಬೀಳುತ್ತದೆ ಎಂದು ಉಳಿದ ಡ್ರೈವರುಗಳು ರೇಗಿಸುತ್ತಿದ್ದರು. ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತು ಅಷ್ಟಕ್ಕಷ್ಟೆ. ಇದ್ದಬದ್ದ ಮಾತೆಲ್ಲ ಲಾರಿಯಲ್ಲೇ ಆಗುತ್ತಿತ್ತು.

ಹೋದ ವಾರ ಒಂದು ಹೊಂಡಕ್ಕೆ ಲಾರಿ ಧಡಲ್ಲೆಂದು ಇಳಿದಾಗ ಅವಳು ಸೊಂಟ ಹಿಡಿದುಕೊಂಡು, “ಇನ್ನು ನನ್ನ ಕೈಲಾಗಲ್ಲ ಕಣ್ರೀ, ನಾನು...” ಎಂದಿದ್ದಳು. ಮುಂದಿನ ಮಾತು ಏನೆಂದು ಅವನು ಊಹಿಸಿದ. ಅವಳು ಮಾತು ಮುಗಿಸುವ ಮೊದಲೇ, “ಲಾರಿ ಎತ್ತರ ಮಾಡಿಸ್ತೀನಿ ಬಿಡು, ಎಲ್ಲ ಸರಿಹೋಗುತ್ತೆ” ಎಂದುಬಿಟ್ಟ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹಿಂದಿನ ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದರು. ಒಂದು ಬಿಟ್ಟಿತು, ಇನ್ನೊಂದನ್ನು ಕೊಯ್ದೇ ತೆಗೆಯಬೇಕಾಯಿತು. ಜಾಕಿನಿಂದ ಚಾಸಿ ಎತ್ತಿ ಗಟ್ಟಿಯನ್ನು ಸಂದಿಗೆ ತಳ್ಳಿದರೆ ಅದರ ಗೂಟ ತೂತಿಗೆ ಕೂರಲೊಲ್ಲದು. ಅಗ್ಗದ ಮಾಲು ಮಾಡಿದವನ ವಂಶವನ್ನೆಲ್ಲ ಭಾವಮೈದ ಬೈದು, ಗೂಟವನ್ನು ಅರದಿಂದ ಉಜ್ಜಿ ಉಜ್ಜಿ ಕೂರಿಸಿದ. ಬ್ರೇಕಿನ ಪೈಪು ಎಳೆದುಕೊಳ್ಳುವುದಿಲ್ಲವೆಂದು ಎರಡೆರಡು ಸಲ ನೋಡಿದರು. ಕಣ್ಣಿಗೆ ತುಕ್ಕಿನ ಪುಡಿ ಬಿತ್ತು, ತೋಳು ಮರಗಟ್ಟಿತು. ಇಡೀ ದಿನ ಇಬ್ಬರೂ ಲಾರಿಯ ಕೆಳಗೇ ಕಳೆದರು. ಲಾರಿಯ ಬಾಗಿಲ ಬಳಿ ನಿಂತು ಒಮ್ಮೆ ನೋಡಬೇಕೆಂದು ಇಬ್ಬರಲ್ಲಿ ಒಬ್ಬನ ತಲೆಗಾದರೂ ಹೊಳೆಯಬಾರದೆ?

ಮರುದಿನ ಬೆಳಿಗ್ಗೆ ಆ ಬಾಗಿಲ ಬಳಿ ನಿಂತವಳು ಹೆಂಡತಿ. ಮೆಟ್ಟಿಲು ಅವಳ ಮಂಡಿಗಿಂತ ಮೇಲಿತ್ತು. ಹಿಡಿಕೆ ಹಿಡಿದು, ಕಾಲೆತ್ತಿ, ಉಸಿರು ಬಿಗಿಹಿಡಿದು ಏರಲು ನೋಡಿದಳು. ಅರ್ಧಕ್ಕೆ ಏರಿ “ಅಮ್ಮಾ” ಎಂದು ಕೆಳಗಿಳಿದಳು. ಅವನು ಒಳಗೆ ಓಡಿ ಸ್ಟೂಲು ತಂದಿಟ್ಟ. ಅವಳು ಸ್ಟೂಲಿನ ಮೇಲೆಯೇ ಕೂತಳು.

“ಹತ್ತು, ನಾನು ಹಿಡ್ಕೋತೀನಿ.”

“ಕಟ್ಟಡ ಕಟ್ಟಡಕ್ಕೂ ಇಳೀಬೇಕಲ್ಲ?”

“ನಾನೇ ಇಳಿದು ಬಂದು ಸ್ಟೂಲು ಇಡ್ತೀನಿ.”

“ಹೌದು, ನಿಮಗೆ ಬೇರೆ ಕೆಲಸ ಇಲ್ಲ ನೋಡಿ.”

“ಸರಿ, ಸಂಜೆಗೇ ಎಲ್ಲ ಬಿಚ್ಚಿಸಿಬಿಡ್ತೀನಿ. ಇವತ್ತೊಂದಿನ ಹೇಗಾದ್ರೂ...”

“ಬಿಚ್ಚಿಸಬೇಡಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತು ಹೇಳೋಕೆ ಬಂದೆ, ನೀವು ಬಿಡಲಿಲ್ಲ. ಬೆನ್ನೊಂದೇ ಅಲ್ಲ ಕಣ್ರೀ. ಆ ಧೂಳು, ಆ ಸದ್ದು, ಊಟಕ್ಕೊಂದು ಹೊತ್ತಿಲ್ಲ, ಬಚ್ಚಲಿಗೆ ಹೋಗೋಕೊಂದು ಜಾಗ ಇಲ್ಲ. ನೀವೊಬ್ಬರೇ ಆಗ್ತೀರಲ್ಲ ಅಂತ ಇಷ್ಟು ವರ್ಷ ಬಂದೆ. ನನಗೆ ಸಾಕಾಗಿದೆ.”

ಲಾರಿ ಎತ್ತರಿಸುತ್ತಿರುವುದು ಹೆಂಡತಿಯ ಬೆನ್ನಿಗಾಗಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದನಲ್ಲ, ಅದು ಅಪ್ಪಟ ಸುಳ್ಳು ಎಂದು ಅವನಿಗೆ ಈಗ ಗೊತ್ತಾಯಿತು. ಅವಳ ಬಾಯಿ ಮುಚ್ಚಿಸಲೆಂದು ಎತ್ತರಿಸಿದ್ದ. ನಾಚಿಕೆಯಾಯಿತು. ಅವಳ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

“ಹೊತ್ತಾಯ್ತು, ಹೊರಡಿ. ಹಿಂದಕ್ಕೆ ತೆಗೆಯೋವಾಗ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಿ” ಎಂದಳು.

ಅವನು ಏರಿ ಕೂತು ಇಂಜಿನ್ ಹಚ್ಚಿದ. ಮೇಲಿನಿಂದ ನೋಡಿದರೆ ಅವಳ ಬೈತಲೆಯಷ್ಟೇ ಕಂಡಿತು. ಓಣಿ ದಾಟಿ ದೊಡ್ಡ ರಸ್ತೆಗೆ ಬಂದರೂ ಲಾರಿಯ ತಳ ಎಲ್ಲಿಯೂ ಬಡಿಯಲಿಲ್ಲ. ಕೆಲಸವೇನೋ ಚೆನ್ನಾಗಿಯೇ ಆಗಿತ್ತು. ಸಾಕಾಗಿದೆ ಎಂದು ಅವಳು ಹೇಳಿ ಹಗುರಾದಳು. ಅವನಿಗೂ ಸಾಕಾಗಿತ್ತು, ಯಾವಾಗಲೋ ಸಾಕಾಗಿತ್ತು. ಆದರೆ ಅಂಥ ಮಾತನ್ನೆಲ್ಲ ಇಷ್ಟು ವರ್ಷ ಅವನು ಹೇಳಿಕೊಂಡು ಬಂದದ್ದು ಪಕ್ಕದಲ್ಲಿ ಕೂತವಳಿಗೆ.