ಫೈಟರ್ ಮೀನಿಗೊಂದು ಜೊತೆ

ಆ ದಿನ ಬೆಳಿಗ್ಗೆ ಹತ್ತೂವರೆಗೆ ತಮ್ಮನ ಅಂಗಡಿಯ ಪಕ್ಕದ ಬೀಗ ರಿಪೇರಿಯವನು ಫೋನ್ ಮಾಡಿದ. "ಅಣ್ಣಾ, ನಿಮ್ಮ ತಮ್ಮನ ಅಂಗಡಿ ಶಟರ್ ಅರ್ಧ ಎತ್ತಿದೆ. ಕೂಗಿದ್ರೆ ಓಗೊಡ್ತಿಲ್ಲ. ಬೇಗ ಬನ್ನಿ." ಅವನ ದನಿಯಲ್ಲೇ ನನಗೆ ವಿಷಯ ತಿಳಿದುಹೋಯಿತು. ನಾನು ಹೋದಾಗ ತಮ್ಮ ಗಡಿಯಾರ ರಿಪೇರಿಯ ಮೇಜಿನ ಮೇಲೆ ತಲೆಯಿಟ್ಟು ಮಲಗಿದಂತಿದ್ದ. ಮುಂದೆ ಒಂದು ಕೈಗಡಿಯಾರ ಬಿಚ್ಚಿಕೊಂಡು ಬಿದ್ದಿತ್ತು. ಮೇಜಿನ ತುದಿಯಲ್ಲಿ ಅವನ ಪುಟ್ಟ ಗಾಜಿನ ತೊಟ್ಟಿ. ಅದರಲ್ಲಿ ನೀಲಿ ಬಣ್ಣದ ಒಂದೇ ಒಂದು ಫೈಟರ್ ಮೀನು. ಕೊನೆಯ ಗಳಿಗೆಯಲ್ಲಿ ಅವನ ಹತ್ತಿರವಿದ್ದ ಜೀವ ಅದೊಂದೇ. ಒಬ್ಬನೇ ಹೋಗಿಬಿಟ್ಟನಲ್ಲ ಎಂಬುದು ನನ್ನ ಎದೆಯಲ್ಲಿ ಮುಳ್ಳಾಗಿ ನಿಂತಿತು.

ತೊಟ್ಟಿಯನ್ನು ಮನೆಗೆ ತಂದೆವು. ನಮ್ಮದು ಒಂದೇ ಮನೆ, ಒಂದೇ ಅಡಿಗೆ. ತಮ್ಮನ ಹೆಂಡತಿ ಅಳಲೂ ಇಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಬೆಳಿಗ್ಗೆ ಎದ್ದವಳೇ ಕೇಳುತ್ತಿದ್ದುದು ಒಂದೇ ಮಾತು.

"ಭಾವ, ಮೀನು ಇದೆಯಾ?"

"ಇದೆಯಮ್ಮ."

"ಅದೂ ಹೋದ್ರೆ ನನ್ನ ಕೈಲಿ ತಡಿಯಕ್ಕಾಗಲ್ಲ."

ಅಲ್ಲಿಂದ ನನಗೆ ನೆಮ್ಮದಿ ಹಾರಿಹೋಯಿತು. ಮೀನು ತಳದಲ್ಲಿ ಮಂಕಾಗಿ ಬಿದ್ದಿರುತ್ತಿತ್ತು. ಪೂಜೆಗೆ ಕುಳಿತರೂ ನನ್ನ ಕಣ್ಣು ತೊಟ್ಟಿಯ ಮೇಲೇ. ದೇವರ ಮುಂದೆ ಕುಳಿತು ಮೀನಿನ ಉಸಿರು ಎಣಿಸಿದ ಪಾಪವೂ ನನ್ನ ಪಾಲಿಗೆ ಬಂತು.

ಒಂದು ದಿನ ತಮ್ಮನ ಸಾಮಾನು ಜೋಡಿಸುವಾಗ, ಗೋಡೆ ಗಡಿಯಾರದ ಹಿಂಭಾಗ ನೋಡಲು ಅವನು ಬಳಸುತ್ತಿದ್ದ ಕೈಗನ್ನಡಿಯನ್ನು ತೊಟ್ಟಿಗೆ ಒರಗಿಸಿದೆ. ಮೀನು ಸರ್ರನೆ ಮೇಲೆದ್ದಿತು. ರೆಕ್ಕೆ, ಬಾಲ ಎಲ್ಲ ಬಿಚ್ಚಿ ಕನ್ನಡಿಯ ಮುಂದೆ ಕುಣಿಯಿತು.

"ನೋಡಿ ಭಾವ, ಎಷ್ಟು ಖುಷಿ ಅದಕ್ಕೆ! ಪಾಪ, ತನ್ನವರು ಯಾರೋ ಬಂದ್ರು ಅಂದ್ಕೊಂಡಿದೆ," ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿದ್ದು ಆಗಲೇ.

ಮತ್ತೆ ಕೇಳಬೇಕೆ? ದಿನಕ್ಕೆ ಹತ್ತು ಸಲ ಕನ್ನಡಿ ಹಿಡಿದೆವು. ನಾಲ್ಕನೆಯ ದಿನ ಮೀನು ಊಟ ಬಿಟ್ಟಿತು. ಒಂಟಿತನ ಅದನ್ನು ಕೊಲ್ಲುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಅದರಂಥದೇ ಇನ್ನೊಂದನ್ನು ತರಲು ಮೀನಿನ ಅಂಗಡಿಗೆ ಓಡಿದೆ.

ಅಂಗಡಿಯಾಕೆ ನನ್ನ ಮಾತು ಕೇಳಿ ಹಣೆ ಚಚ್ಚಿಕೊಂಡಳು. "ಯಜಮಾನ್ರೇ, ಅದು ಖುಷಿ ಅಲ್ಲ, ಸಿಟ್ಟು! ದಿನಕ್ಕೆ ಹತ್ತು ಸಲ ಶತ್ರುನ ತಂದು ಮನೆ ಬಾಗಿಲಲ್ಲಿ ನಿಲ್ಸಿದ್ದೀರಿ. ನಿಮಗಾದ್ರೆ ಅನ್ನ ಸೇರುತ್ತಾ? ಇನ್ನು ನಿಜವಾದ್ದೇ ಒಂದು ಬಿಟ್ರೆ ಒಂದರ ಹೆಣ ಬೀಳುತ್ತೆ."

"ಹಾಗಾದ್ರೆ ಬೇರೆ ಜಾತಿಯ ಮೀನು ಯಾವುದಾದ್ರೂ ಜೊತೆಗೆ ಕೊಡಮ್ಮ," ಎಂದೆ.

"ತೊಟ್ಟಿಗೆ ಎಷ್ಟು ನೀರು ಹಿಡಿಯುತ್ತೆ?"

"ಸಣ್ಣ ಬಕೆಟ್ಟಿನಲ್ಲಿ ಎರಡು. ಹದಿನೆಂಟು ಲೀಟರ್ ಇರಬಹುದು. ಆ ಬಣ್ಣದ ಬಾಲದ ಗಪ್ಪಿ ಮೀನು ಆಗಲ್ವಾ? ಚೆನ್ನಾಗಿದೆ."

"ಆ ಬಾಲ ನೋಡಿ. ಇನ್ನೊಂದು ಫೈಟರ್ ಬಂತು ಅಂತ ಹರಿದು ಹಾಕುತ್ತೆ."

"ಗೋಲ್ಡ್ ಫಿಶ್?"

"ಅದು ದೊಡ್ಡ ಹೊಟ್ಟೆ, ದೊಡ್ಡ ಗಲೀಜು. ಅಷ್ಟು ನೀರಲ್ಲಿ ಇಬ್ರೂ ಉಸಿರುಕಟ್ಟಿ ಹೋಗ್ತಾರೆ. ಈ ಪುಟ್ಟ ನಿಯಾನ್ ಮೀನಾದ್ರೆ ಆರಾದ್ರೂ ಒಟ್ಟಿಗೆ ಬೇಕು, ನಿಮ್ಮಲ್ಲಿ ಜಾಗ ಎಲ್ಲಿ?" ಎಂದವಳು ನನ್ನ ಮುಖ ದಿಟ್ಟಿಸಿ ಕೇಳಿದಳು, "ಒಂಟಿ ನೀಲಿ ಫೈಟರ್ ಅಂದ್ರಲ್ಲ, ಗಡಿಯಾರದವರ ಮೀನಾ ಇದು?"

ತಮ್ಮ ತೀರಿಕೊಂಡ ಸುದ್ದಿ ಹೇಳಿದೆ. ಅವಳು ಕೈಲಿದ್ದ ಬಲೆಯನ್ನು ಕೆಳಗಿಟ್ಟಳು. "ಇಲ್ಲಿ ಬಂದು ಅರ್ಧ ಗಂಟೆ ಸುಮ್ನೆ ನಿಂತು ನೋಡೋರು. ಜೊತೆಗೆ ಇನ್ನೊಂದು ಕೊಡ್ಲಾ ಅಂತ ನಾನೇ ಕೇಳಿದ್ದೆ. ‘ಬೇಡಮ್ಮ, ನಮ್ಮಿಬ್ಬರಿಗೂ ಗದ್ದಲ ಆಗಿಬರಲ್ಲ, ಹೀಗೇ ಹಾಯಾಗಿದ್ದೀವಿ’ ಅಂದ್ರು."

ಹಾಯಾಗಿದ್ದೀವಿ. ಅವನ ಬಾಯಿಂದ ಈ ಮಾತನ್ನು ನಾನೆಂದೂ ಕೇಳಿರಲಿಲ್ಲ. ಹಾಳು ಅಂಗಡಿಯಲ್ಲಿ ಒಬ್ಬನೇ ಏನು ಮಾಡುತ್ತೀಯ ಎಂದು ವರ್ಷಗಟ್ಟಲೆ ಅವನನ್ನು ಪೀಡಿಸಿದ್ದೆ.

"ಜೊತೆ ಇರಲೇಬೇಕು ಅಂದ್ರೆ ಇದೊಂದನ್ನ ಬಿಟ್ಟು ನೋಡಿ," ಎಂದು ಆಕೆ ಒಂದು ನೀರಿನ ಬಸವನಹುಳುವನ್ನು ಚೀಲಕ್ಕೆ ಹಾಕಿಕೊಟ್ಟಳು. "ಮೀನು ಕುಕ್ಕಿದ್ರೆ ವಾಪಸ್ ತನ್ನಿ. ಮೊದಲು ಆ ಕನ್ನಡಿ ಎತ್ತಿಡಿ."

ಕನ್ನಡಿಯನ್ನು ಬೀರುವಿಗೆ ಸೇರಿಸಿ, ತಮ್ಮನ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೆಚ್ಚಿಬಿದ್ದಳು. "ಅಯ್ಯೋ, ಎಷ್ಟು ಗೋಳು ಹೊಯ್ಕೊಂಡ್ವಿ ಅದನ್ನ!"

ಚೀಲವನ್ನು ನೀರಿನ ಮೇಲೆ ಸ್ವಲ್ಪ ಹೊತ್ತು ತೇಲಿಬಿಟ್ಟು, ಆಮೇಲೆ ಹುಳುವನ್ನು ಒಳಗಿಳಿಸಿದೆವು. ಅದು ಮೀಸೆ ಚಾಚಿದ್ದೇ ತಡ, ಮೀನು ಬಂದು ಒಂದು ಕುಕ್ಕು ಕುಕ್ಕಿತು. ಹುಳು ಚಿಪ್ಪಿನೊಳಗೆ ಮುದುಡಿತು. ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು. "ತೆಗೆದುಬಿಡೋಣ ಭಾವ."

"ತಾಳಮ್ಮ, ಸ್ವಲ್ಪ ತಾಳು," ಎಂದೆ.

ಮೀನು ಸುತ್ತ ಎರಡು ಸಲ ತಿರುಗಿತು. ರೆಕ್ಕೆ ಬಿಚ್ಚಲಿಲ್ಲ. ಮೂಸಿ ನೋಡಿ, ಇದರ ಗೊಡವೆ ತನಗೇಕೆ ಎಂಬಂತೆ ತೊಟ್ಟಿಯೊಳಗಿನ ಗಿಡದ ಎಲೆಯ ಮರೆಗೆ ಹೋಯಿತು. ತುಂಬ ಹೊತ್ತಿನ ಮೇಲೆ ಹುಳು ಮೆಲ್ಲಗೆ ಗಾಜು ಹತ್ತತೊಡಗಿತು.

ಮೂರನೆಯ ದಿನ ಮೀನು ಎರಡು ಕಾಳು ತಿಂದಿತು. ಅದನ್ನು ಕಂಡು ತಮ್ಮನ ಹೆಂಡತಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಆಮೇಲೆ ತಾನೇ ಎದ್ದು ತಟ್ಟೆ ಹಾಕಿಕೊಂಡಳು.

ನಾನು ದೇವರ ಮುಂದೆ ಕುಳಿತೆ. ಅಂದು ಕಣ್ಣು ತೊಟ್ಟಿಯ ಕಡೆ ಹೋಗಲಿಲ್ಲ. ತಂದೆಯೇ, ನನ್ನ ತಮ್ಮ ನಿನ್ನಲ್ಲಿಗೆ ಬಂದಿದ್ದಾನೆ. ಒಬ್ಬನೇ ಇದ್ದಾನಲ್ಲ ಎಂದು ನನ್ನ ಹಾಗೆ ಅವನನ್ನು ಪೀಡಿಸಬೇಡ. ಅವನಿಗೆ ಒಂದು ಕಿಟಕಿ, ಒಂದು ಮೇಜು, ಸಾಕಷ್ಟು ಬೆಳಕು ಕೊಡು. ಪಕ್ಕದಲ್ಲಿ ಯಾರನ್ನಾದರೂ ಇರಿಸುವುದಾದರೆ ಮಾತು ಕಡಿಮೆಯಿರುವ ಜೀವವನ್ನು ಇರಿಸು. ಅವನನ್ನು ಶಾಂತಿಯಲ್ಲಿ ಇಡು.